ಹಾಯಿದೋಣಿಯಲ್ಲಿ ಇರೋಕೆ ಹೊರಟವರು ಚರ್ಮದಲ್ಲಿ ಏನೇನು ಮಾಡಿಕೊಳ್ಳಬಹುದು?

ನೀವು ಪರ್ಸು, ಬೆಲ್ಟು ಹೊಲಿದು ಕೈ ಕುದುರಿಸಿಕೊಂಡಿದ್ದೀರಿ. ಈಗ ಗೆಳೆಯರ ಯಾಟ್‌ನಲ್ಲಿ ಕೆಲವು ತಿಂಗಳು ಇರೋಕೆ ಹೊರಟಿದ್ದೀರಿ. ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು ಏನು ಮಾಡಬಹುದು, ಉಪ್ಪುನೀರಿಗೆ ಚರ್ಮ ತಡೆಯುತ್ತದಾ ಅಂತ ಕೇಳಿದ್ದೀರಿ.

ತಡೆಯುತ್ತದೆ. ಆದರೆ ದಿನಾ ಕೈ ಆಡುವ ಜಾಗದಲ್ಲಿ ಇರಬೇಕು. ಮುಚ್ಚಿಟ್ಟರೆ ಹಾಳಾಗುತ್ತದೆ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಸಮುದ್ರ ಇಲ್ಲ, ಒಪ್ಪಿದೆ. ಆದರೆ ಶೀತಕ್ಕೆ ಚರ್ಮ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದುಕೊಂಡರೆ ಬೀರುವಿನಲ್ಲಿಟ್ಟ ಶೂಗೆ ನೋಡನೋಡುತ್ತಲೇ ಬೂಷ್ಟು ಬರುತ್ತದೆ. ಅದೇ ಮಳೆಯಲ್ಲಿ ತೋಟದ ರೈಟ್ರು (ಲೆಕ್ಕ ಬರೆಯುವವರು) ದಿನಾ ಕಟ್ಟಿಕೊಳ್ಳುವ ಬೆಲ್ಟಿಗೆ ಏನೂ ಆಗಿರುವುದಿಲ್ಲ. ನನ್ನ ಕೆಲಸ ಹೆಚ್ಚಾಗಿ ತೋಟದವರಿಗೇ: ಕತ್ತಿಯ ಒರೆ, ಚೀಲ, ಬೆಲ್ಟು. ಇಲ್ಲಿನ ಪ್ಲಾಂಟರ್ ಒಬ್ಬರ ಮಗ ವರ್ಷದ ಅರ್ಧ ಭಾಗ ದೋಣಿಯಲ್ಲೇ ಇರುತ್ತಾರೆ. ಅವರು ಅಳತೆ ಕಳಿಸುತ್ತಾರೆ, ನಾನು ಹೊಲಿದು ಕೊಡುತ್ತೇನೆ. ರಜೆಗೆ ಬಂದಾಗ ಸವೆದದ್ದನ್ನು ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ನಾನು ಕಲಿತದ್ದು ಅದನ್ನೆಲ್ಲ ನೋಡಿಯೇ.

ಒಂದೇ ಒಂದು ಮಾಡೋಕೆ ಟೈಮ್ ಇದೆ ಅಂದರೆ ಸ್ಟೀರಿಂಗ್ ಚಕ್ರಕ್ಕೆ ಹೊದಿಕೆ ಹೊಲಿಯಿರಿ. ದೋಣಿಯ ಚಕ್ರ ಸಾಮಾನ್ಯವಾಗಿ ಸ್ಟೀಲಿನದು. ಮಧ್ಯಾಹ್ನ ಮುಟ್ಟೋಕಾಗಲ್ಲ, ರಾತ್ರಿ ಕೈ ಮರಗಟ್ಟುತ್ತದೆ, ಒದ್ದೆಯಾದರೆ ಜಾರುತ್ತದೆ. ಚರ್ಮ ಸುತ್ತಿದರೆ ಮೂರೂ ತಾಪತ್ರಯ ಕಳೆಯಿತು. ಇದಕ್ಕೆ ಮೆತ್ತಗಿನ ಕ್ರೋಮ್ ಟ್ಯಾನ್ ಚರ್ಮ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಬೇಕು. 1.2ರಿಂದ 1.5 ಮಿಲಿಮೀಟರ್ ದಪ್ಪ ಸಾಕು. ಚಕ್ರದ ಕೊಳವೆಗೆ ಒಂದು ಕಾಗದದ ಪಟ್ಟಿ ಸುತ್ತಿ ಸುತ್ತಳತೆ ತೆಗೆಯಿರಿ. ಚರ್ಮವನ್ನು ಅದಕ್ಕಿಂತ ಸುಮಾರು 3 ಮಿಲಿಮೀಟರ್ ಕಮ್ಮಿ ಅಗಲಕ್ಕೆ ಕತ್ತರಿಸಿ. ಪೂರ್ತಿ ಅಳತೆಗೆ ಕತ್ತರಿಸಿದರೆ ಆಮೇಲೆ ಹಿಗ್ಗಿ ಕೈಯೊಳಗೆ ತಿರುಗುತ್ತದೆ. ಚಕ್ರದ ಕಡ್ಡಿಯಿಂದ (ಸ್ಪೋಕ್) ಕಡ್ಡಿಗೆ ಒಂದೊಂದು ಪಟ್ಟಿ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡೂ ಅಂಚಿಗೆ 5 ಮಿಲಿಮೀಟರಿಗೊಂದು ತೂತು. ಈ ಕಡೆ ಎಷ್ಟಿವೆಯೋ ಆ ಕಡೆಯೂ ಅಷ್ಟೇ ಇರಬೇಕು. ಒಂದು ಹೆಚ್ಚುಕಮ್ಮಿ ಆದರೂ ಹೊಲಿಗೆ ಸೊಟ್ಟಗೆ ಓಡುತ್ತದೆ.

ಹೊಲಿಯುವ ಮೊದಲು ಪಟ್ಟಿಯನ್ನು ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ನೆನೆಸಿ ಹಿಂಡಿ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ಸೂಜಿಯನ್ನೂ ಅಂಚಿನ ಅಡಿಯಿಂದ ಮೇಲಕ್ಕೆ ತೆಗೆದು, ಎದುರಿನ ಅಂಚಿಗೆ ದಾಟಿಸಿ, ಎಳೆದು ಬಿಗಿಯುತ್ತಾ ಹೋಗಿ. ಅಂಚುಗಳು ಒಂದಕ್ಕೊಂದು ತಾಕಿ ನಿಲ್ಲಬೇಕು, ಒಂದರ ಮೇಲೊಂದು ಏರಬಾರದು. ಹೊಲಿಗೆಯ ಸಾಲು ಚಕ್ರದ ಒಳಮಗ್ಗುಲಿಗೆ ಬರಲಿ, ಅಂಗೈ ಬೀಳುವ ಕಡೆ ಬೇಡ. ಒಣಗಿದಂತೆ ತಾನೇ ಬಿಗಿದುಕೊಳ್ಳುತ್ತದೆ. ಆತುರಕ್ಕೆ ಬಿಸಿಲಿಗಿಟ್ಟರೆ ಕೆಲಸ ಕೆಟ್ಟ ಹಾಗೆ.

ಎರಡನೆಯದು ಚಾಕುವಿನ ಒರೆ. ಸಿಲ್ವರ್ ಓಕ್ ಮರ ಹತ್ತಿ ಮರಗಸಿ ಮಾಡುವವನ (ಕೊಂಬೆ ಸವರುವವನ) ಸೊಂಟದ ಕತ್ತಿಯೂ ಒಂದೇ, ಹಾಯಿಕಂಬ ಹತ್ತಿದವನ ಸೊಂಟದ ಚಾಕುವೂ ಒಂದೇ. ಬಗ್ಗಿದರೂ ಜಾರಬಾರದು, ಕೆಳಗೆ ಜನ ಇರುತ್ತಾರೆ. ಒಂದೇ ಕೈಯಲ್ಲಿ ಎಳೆಯೋಕೆ ಬರಬೇಕು, ಇನ್ನೊಂದು ಕೈ ಏನನ್ನೋ ಹಿಡಿದಿರುತ್ತದೆ. ಕೆಳಗೆ ಜನ ಇರುತ್ತಾರೆ. ಇದಕ್ಕೆ ಗಟ್ಟಿಯಾದ ವೆಜ್ ಟ್ಯಾನ್ (ಗಿಡಮರದ ಒಗರಿನಲ್ಲಿ ಹದ ಮಾಡಿದ) ಚರ್ಮವೇ ಆಗಬೇಕು, ಸುಮಾರು 3 ಮಿಲಿಮೀಟರ್. ಚರ್ಮ ನೆನೆಸಿ, ಚಾಕುವಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಬೆರಳಿನಿಂದ ಒತ್ತಿ ಒತ್ತಿ ಆಕಾರ ಕೂರಿಸಿ. ಅಲಗಿನ ಕಡೆ ಎರಡು ಪದರದ ಮಧ್ಯೆ ಚರ್ಮದ ಒಂದು ಸಣ್ಣ ಪಟ್ಟಿ ಸೇರಿಸಿ ಹೊಲಿಯಿರಿ, ಇಲ್ಲದಿದ್ದರೆ ಅಲಗು ದಾರವನ್ನೇ ಕೊಯ್ಯುತ್ತದೆ. ತುದಿಯಲ್ಲಿ ನೀರು ಇಳಿಯೋಕೆ ಒಂದು ತೂತು ಬಿಡಿ. ಹಗ್ಗದ ಗಂಟು ಬಿಡಿಸುವ ಚೂಪು ಕಡ್ಡಿ, ದೋಣಿಯವರು ಸ್ಪೈಕ್ ಅನ್ನುತ್ತಾರೆ, ಅದಕ್ಕೂ ಪಕ್ಕದಲ್ಲೇ ಒಂದು ಮನೆ ಮಾಡಿ. ಕೆಲಸ ಮುಗಿದ ಮೇಲೆ ಚಾಕುವನ್ನು ಒರೆಯಲ್ಲೇ ವಾರಗಟ್ಟಲೆ ಬಿಡಬೇಡಿ, ತುಕ್ಕು ಬರುತ್ತದೆ.

ಈ ವೆಜ್ ಟ್ಯಾನ್ ಚರ್ಮಕ್ಕೂ ಕಬ್ಬಿಣಕ್ಕೂ ಆಗಿಬರಲ್ಲ. ಅಳಲೆಕಾಯಿ, ಮರದ ತೊಗಟೆ ಇಂಥದ್ದರಲ್ಲಿ ಹದ ಮಾಡಿದ ಚರ್ಮದಲ್ಲಿ ಒಗರು ಉಳಿದಿರುತ್ತದೆ. ಅದು ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಲೆ. ಹಿಂದೆ ಮಸಿ ಮಾಡುತ್ತಿದ್ದದ್ದೂ ಅಳಲೆಕಾಯಿ, ಕಬ್ಬಿಣ ಸೇರಿಸಿಯೇ ಅಲ್ವಾ? ಹಾಗಾಗಿ ರಿವಿಟ್, ಬಕಲ್ ಎಲ್ಲ ಹಿತ್ತಾಳೆಯದೋ ತಾಮ್ರದ್ದೋ ಇರಲಿ. ಸ್ಟೀಲೇ ಬೇಕು ಅಂದರೆ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ನನ್ನ ಕೇಳಿದರೆ ಲೋಹವೇ ಇಲ್ಲದೆ ಮಾಡುವುದು ಇನ್ನೂ ವಾಸಿ. ನಮ್ಮ ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೋಡಿ. 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು ಈ ಚಪ್ಪಲಿಗೇ. ಹಳೇ ಪದ್ಧತಿಯಲ್ಲಿ ಒಂದು ಮೊಳೆ ಇಲ್ಲ, ಚರ್ಮದ ಎಳೆಯಲ್ಲೇ ಹೊಲಿಗೆ. ತುಕ್ಕು ಹಿಡಿಯೋಕೆ ಏನೂ ಇಲ್ಲ.

ಮೂರನೆಯದು ನೋಡೋಕೆ ಏನೂ ಅಲ್ಲ, ಫೋಟೋ ಹಾಕಿದರೆ ಯಾರೂ ಲೈಕ್ ಒತ್ತಲ್ಲ. ದೋಣಿ ಕಟ್ಟುವ ಹಗ್ಗ ಅಂಚಿಗೆ ಉಜ್ಜುವ ಜಾಗಕ್ಕೆ ಚರ್ಮದ ತೋಳು. ಒಂದಡಿ ಉದ್ದ, 2 ಮಿಲಿಮೀಟರ್ ದಪ್ಪ, ಹಗ್ಗಕ್ಕೆ ಸುತ್ತಿ ಹೊಲಿಯುವುದು ಅಷ್ಟೆ. ಜಾರದ ಹಾಗೆ ಎರಡೂ ತುದಿಯ ದಾರವನ್ನು ಹಗ್ಗದ ಎಳೆಗಳ ಮಧ್ಯೆ ತೂರಿಸಿ ಕಟ್ಟಿ. ಕೆಲವರು ಪ್ಲಾಸ್ಟಿಕ್ ಪೈಪ್ ತೂರಿಸುತ್ತಾರೆ. ಗಾಳಿಗೆ ದೋಣಿ ಜಗ್ಗಿದಾಗ ನೈಲಾನ್ ಹಗ್ಗ ಹಿಗ್ಗಿ ಕುಗ್ಗಿ ಒಳಗೇ ಬಿಸಿಯಾಗುತ್ತದೆ. ಪೈಪಿನೊಳಗೆ ಆ ಬಿಸಿ ಉಳಿದುಬಿಡುತ್ತದೆ. ಚರ್ಮವಾದರೆ ನೀರು ಕುಡಿದು ತಂಪಾಗಿರುತ್ತದೆ. ಪ್ಲಾಂಟರ್ ಮಗ ತಂದು ತೋರಿಸಿದ ತೋಳು ಒಂದು ಮಗ್ಗುಲು ಕಾಗದದಷ್ಟು ತೆಳ್ಳಗಾಗಿತ್ತು. ಒಳಗಿನ ಹಗ್ಗದಲ್ಲಿ ಒಂದು ಎಳೆಯೂ ಎದ್ದಿರಲಿಲ್ಲವಂತೆ.

ದಡಕ್ಕೆ ಹೋಗುವ ಚಿಕ್ಕ ದೋಣಿಯ ಹುಟ್ಟಿಗೂ ಇದೇ ತರಹದ ಸುತ್ತು ಹಾಕಬಹುದು. ಮರದ ಹುಟ್ಟಾದರೆ ಮೊಳೆ ಹೊಡೆಯಬೇಡಿ, ತೂತಿನಲ್ಲಿ ನೀರು ಇಳಿದು ಮರ ಕೊಳೆಯುತ್ತದೆ. ಬೀಗದ ಕೈಗೆ ಕಾರ್ಕ್ ತುಂಡೊಂದನ್ನು ಚರ್ಮದಲ್ಲಿ ಹೊದಿಸಿ ಕಟ್ಟಿದರೆ ನೀರಿಗೆ ಬಿದ್ದರೂ ತೇಲುತ್ತದೆ, ಎಷ್ಟು ದಪ್ಪ ಬೇಕು ಅಂತ ಬಕೆಟ್‌ನಲ್ಲಿ ನೋಡಿಕೊಳ್ಳಿ. ಕನ್ನಡಕದ ಮನೆ, ವಿಂಚ್ (ಹಗ್ಗ ಎಳೆದು ಬಿಗಿಯುವ ರಾಟೆ) ಹ್ಯಾಂಡಲ್ ಇಡುವ ಚೀಲ, ಇವೂ ಆಗುತ್ತವೆ. ಪ್ರಯಾಣದ ವಿವರ ಬರೆದಿಡುವ ಲಾಗ್ ಪುಸ್ತಕಕ್ಕೆ ಚರ್ಮದ ಹೊದಿಕೆ ಎಲ್ಲರಿಗೂ ಆಸೆ. ಅದು ಕಪಾಟಿನಲ್ಲೇ ಕೂತು ಬೂಷ್ಟು ಬರಿಸಿಕೊಳ್ಳುತ್ತದೆ. ನಾನಂತೂ ಮಾಡಲ್ಲ.

ಎದೆಗೆ ಕಟ್ಟಿ ದೋಣಿಗೆ ಸಿಕ್ಕಿಸಿಕೊಳ್ಳುವ ಸುರಕ್ಷತಾ ಪಟ್ಟಿ ಮಾತ್ರ ಚರ್ಮದಲ್ಲಿ ಬೇಡವೇ ಬೇಡ. ಅದಕ್ಕೆ ಐಎಸ್‌ಒ 12401 ಅಂತ ಮಾನದಂಡವೇ ಇದೆ. ಅಂಗಡಿಯದನ್ನೇ ಕೊಳ್ಳಿ. ಮನುಷ್ಯನ ಭಾರ ಹೊರುವ ಯಾವುದನ್ನೂ ನಾವು ಮನೆಯಲ್ಲಿ ಕೂತು ಹೊಲಿಯಬಾರದು.

ದಾರ ಪಾಲಿಯೆಸ್ಟರ್‌ದು, ಮೇಣ ಹಚ್ಚಿದ್ದು ತಗೊಳ್ಳಿ. ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ. ಒರೆಗೆ ಕೈಯಲ್ಲಿ ಸ್ಯಾಡಲ್ ಸ್ಟಿಚ್ ಹಾಕಿ, ಅಂದರೆ ಒಂದೇ ದಾರದ ಎರಡು ಸೂಜಿಯನ್ನೂ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಿಸುವ ಹೊಲಿಗೆ. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ಕಿತ್ತರೆ ಸಾಲೇ ಬಿಚ್ಚುತ್ತಾ ಹೋಗುತ್ತದೆ. ಸ್ಯಾಡಲ್ ಸ್ಟಿಚ್‌ನಲ್ಲಿ ಉಳಿದದ್ದು ನಿಲ್ಲುತ್ತದೆ. ಚರ್ಮ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯದು ಧಾರಾಳವಾಗಿ ಸಿಗುತ್ತದೆ. ಚದರಡಿ ಲೆಕ್ಕದಲ್ಲಿ ಮಾರುತ್ತಾರೆ.

ಉಪ್ಪಿನ ವಿಷಯಕ್ಕೆ ಬರೋಣ. ಚರ್ಮದೊಳಗೆ ಉಳಿದ ಉಪ್ಪು ಗಾಳಿಯ ಪಸೆ ಎಳೆಯುತ್ತಲೇ ಇರುತ್ತದೆ. ಅದಕ್ಕೇ ಸಮುದ್ರದ ನೀರಿಗೆ ನೆಂದ ಚರ್ಮ ಪೂರ್ತಿ ಒಣಗುವುದೇ ಇಲ್ಲ, ಒಣಗಿದರೂ ಸೆಟೆದುಕೊಳ್ಳುತ್ತದೆ. ಮಳೆ ಬಂದಾಗಲೋ ಸಿಹಿನೀರು ಸಿಕ್ಕಾಗಲೋ ತೊಳೆದು ನೆರಳಲ್ಲಿ ಆರಿಸಿ. ಆಮೇಲೆ ಜೇನುಮೇಣ ಇಲ್ಲವೇ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ತೆಳುವಾಗಿ ಉಜ್ಜಿ. ಎಣ್ಣೆ ಸುರಿದರೆ ಬೂಷ್ಟಿಗೆ ಊಟ ಹಾಕಿದ ಹಾಗೆ. ಬಂದೇಬಿಟ್ಟರೆ ವಿನೆಗರ್, ನೀರು ಸಮಸಮ ಬೆರೆಸಿ ಒರೆಸಿ ಗಾಳಿಗೆ ಇಡಿ.

ಕತ್ತರಿಸುವುದು, ತೂತು ಹಾಕುವುದು ಊರಲ್ಲೇ ಮುಗಿಸಿಕೊಳ್ಳಿ. ಅಲುಗಾಡುವ ದೋಣಿಯಲ್ಲಿ ರಂಪಿಗೆ ಹಿಡಿದು ಕೂರುವುದು ಸುಮ್ನೆ ರಗಳೆ. ಗೆಳೆಯರಿಗೆ ಈಗಲೇ ಹೇಳಿ ಚಕ್ರದ ಕೊಳವೆಯ ಸುತ್ತಳತೆ, ಕಡ್ಡಿಗಳ ನಡುವಿನ ಅಂತರ, ಹಗ್ಗದ ದಪ್ಪ ತರಿಸಿಕೊಳ್ಳಿ. ಅಲ್ಲಿಗೆ ಸೂಜಿ, ದಾರ, ಮೇಣ, ತೇಪೆಗೆ ಒಂದಿಷ್ಟು ಚರ್ಮ ಒಯ್ದರೆ ಆಯಿತು. ಚಾಕು, ಉಳಿ ಏನಾದರೂ ಜೊತೆಗೆ ಹೋಗುವುದಿದ್ದರೆ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್‌-ಇನ್ ಬ್ಯಾಗಿಗೆ ಹಾಕಿ.