ಡೆಲ್ಲಿ ಕನಕಾಂಬರ ಯಾಕೆ ಬೀಜ ಕಟ್ಟುವುದಿಲ್ಲ, ಅದಕ್ಕೆ ಏನು ಮಾಡಬೇಕು

ಭರಮಸಾಗರದ ಕಡೆಯ ನಮ್ಮ ಸದಸ್ಯರು ಕೇಳಿದ್ದು ಇಷ್ಟು. ಅರ್ಧ ಎಕರೆಯಲ್ಲಿ ಡೆಲ್ಲಿ ಕನಕಾಂಬರ ಹಾಕಿದ್ದಾರೆ. ಹೂ ಚೆನ್ನಾಗಿ ಬರುತ್ತಿದೆ, ಆದರೆ ಒಂದು ತೆನೆಯಲ್ಲೂ ಬೀಜ ಇಲ್ಲ. ಪಕ್ಕದ ಹೊಲದ ನಾಟಿ ಕನಕಾಂಬರದಲ್ಲಿ ಕಾಯಿ ತುಂಬಿಕೊಂಡಿವೆ. ಜೊತೆಗೆ ಅಲ್ಲಲ್ಲಿ ಗಿಡ ಸೊರಗಿ ಒಣಗುತ್ತಿವೆ. ಉತ್ತರಗಳಲ್ಲಿ ಒಬ್ಬರು ಬೋರಾನ್ ಹೊಡೆಯಿರಿ ಎಂದಿದ್ದಾರೆ. ಇನ್ನೊಬ್ಬರು ಜೇನುಪೆಟ್ಟಿಗೆ ಇಡಿ ಎಂದಿದ್ದಾರೆ. ಮತ್ತೊಬ್ಬರು ಗೌರಿ ಹೂವಿನ ಗಡ್ಡೆ ಅರೆದು ಕುಡಿಗೆ ಹಚ್ಚಿದರೆ ಬೀಜ ಬರುತ್ತದೆ ಎಂದು ಬರೆದಿದ್ದಾರೆ. ಈ ಕೊನೆಯದನ್ನು ದಯವಿಟ್ಟು ಯಾರೂ ಮಾಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ಮೊದಲಿನ ಎರಡಕ್ಕೆ ಸುಮ್ನೆ ದುಡ್ಡು ಹಾಕುವುದೂ ಬೇಡ.

ಬೀಜ ಕಟ್ಟದಿರುವುದು ರೋಗ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಡೆಲ್ಲಿ ಕನಕಾಂಬರ ಹುಟ್ಟಿನಿಂದಲೇ ಬಂಜೆ ಗಿಡ. ಅದು ಟ್ರಿಪ್ಲಾಯ್ಡ್, ಅಂದರೆ ಅದರ ಜೀವಕೋಶಗಳಲ್ಲಿ ಕ್ರೋಮೋಸೋಮುಗಳ (ಗಿಡದ ಗುಣಗಳನ್ನು ಹೊತ್ತ ಎಳೆಗಳ) ಸೆಟ್ ಮೂರಿವೆ. ಬೀಜ ಕಟ್ಟುವ ಕನಕಾಂಬರಗಳಲ್ಲಿ ಸೆಟ್‌ಗಳು ಸರಿಸಂಖ್ಯೆಯಲ್ಲಿ ಇರುತ್ತವೆ, ಎರಡೋ ನಾಲ್ಕೋ. ಇಡೀ ವಿಷಯ ಈ ಸರಿ-ಬೆಸ ಲೆಕ್ಕದಲ್ಲೇ ಇದೆ.

ಎರಡು ಸೆಟ್ ಇರುವ ಗಿಡದಲ್ಲಿ ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಪರಾಗ ಮತ್ತು ಅಂಡ ತಯಾರಾಗುವ ಹೊತ್ತಿಗೆ ಒಂದೇ ಥರದ ಕ್ರೋಮೋಸೋಮುಗಳು ಜೋಡಿಯಾಗಿ ನಿಲ್ಲುತ್ತವೆ, ಆಮೇಲೆ ಬಿಡಿಸಿಕೊಂಡು ಒಂದು ಈ ಕಡೆ, ಒಂದು ಆ ಕಡೆ ಹೋಗುತ್ತವೆ. ಮೂರು ಸೆಟ್ ಇದ್ದರೆ? ಒಂದು ನೊಗಕ್ಕೆ ಎರಡೇ ಎತ್ತು ಅಲ್ವಾ, ಮೂರನೆಯದನ್ನು ಎಲ್ಲಿಗೆ ಕಟ್ಟುವುದು? ಅದು ಯಾವ ಕಡೆಗೆ ಬೇಕಾದರೂ ಹೋಗುತ್ತದೆ. ಹೀಗೆ ತಯಾರಾದ ಪರಾಗದಲ್ಲಿ ಕೆಲವು ಕ್ರೋಮೋಸೋಮು ಒಂದೊಂದೇ ಇರುತ್ತವೆ, ಕೆಲವು ಎರಡೆರಡು. ಆ ಪರಾಗ ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಅಂಡದ ಕಥೆಯೂ ಅದೇ.

ಬಾಳೆಯಲ್ಲಿ ಇದರ ಲೆಕ್ಕ ಸುಲಭವಾಗಿ ಹಾಕಬಹುದು. ಬಾಳೆಯ ಒಂದು ಸೆಟ್ ಅಂದರೆ 11 ಕ್ರೋಮೋಸೋಮು. ಪಚ್ಚಬಾಳೆಯಲ್ಲಿ ಮೂರು ಸೆಟ್, ಒಟ್ಟು 33. ಮೂರು ಮೂರರ ಹನ್ನೊಂದು ಗುಂಪು. ಪ್ರತಿ ಗುಂಪೂ ಎರಡು-ಒಂದು ಎಂದು ಒಡೆಯುತ್ತದೆ. ಎರಡರ ಪಾಲು ಹನ್ನೊಂದು ಗುಂಪುಗಳಲ್ಲೂ ಒಂದೇ ಕಡೆಗೆ ಬಿದ್ದರೆ ಮಾತ್ರ ಲೆಕ್ಕ ಸರಿಯಾಗುತ್ತದೆ. ಹಾಗಾಗುವ ಸಾಧ್ಯತೆ 1024ಕ್ಕೆ ಒಂದು. ಬೀಜ ಆಗಬೇಕಾದರೆ ಇದು ಪರಾಗದಲ್ಲೂ ಆಗಬೇಕು, ಅಂಡದಲ್ಲೂ ಆಗಬೇಕು. ಅಲ್ಲಿಗೆ ಹತ್ತು ಲಕ್ಷಕ್ಕೆ ಒಂದು ಸಲ. ಇಂಥದಕ್ಕೆ ಯಾವ ಬೋರಾನ್ ಏನು ಮಾಡೀತು? ಜೇನುಹುಳು ಬಂದರೂ ಸತ್ತ ಪರಾಗವನ್ನೇ ಹೊತ್ತು ಓಡಾಡಬೇಕು. ನಾಟಿ ಗಿಡದ ಒಳ್ಳೆ ಪರಾಗ ತಂದು ಹಾಕಿದರೂ ಈ ಕಡೆಯ ಅಂಡ ಕೆಟ್ಟಿರುತ್ತದೆ.

ಇಲ್ಲಿ ಒಬ್ಬರು "ಏಲಕ್ಕಿ ಬಾಳೆಯಲ್ಲಿ ಎರಡೇ ಸೆಟ್, ಅದರಲ್ಲೂ ಬೀಜ ಇಲ್ಲವಲ್ಲ" ಎಂದು ಕೇಳಿದ್ದಾರೆ. ಪ್ರಶ್ನೆ ಸರಿಯಾಗಿದೆ. ಏಲಕ್ಕಿ ಬಾಳೆಯ ಎರಡು ಸೆಟ್ ಎರಡು ಬೇರೆ ಕಾಡುಬಾಳೆ ಜಾತಿಗಳಿಂದ ಬಂದವು. ಒಂದು ಅಕ್ಯುಮಿನಾಟ, ಇನ್ನೊಂದು ಬಾಲ್ಬಿಸಿಯಾನ. ಸಂಖ್ಯೆ ಸರಿ ಇದ್ದರೂ ಜೋಡಿ ಅಷ್ಟು ಸರಿಯಾಗಿ ಕೂಡುವುದಿಲ್ಲ. ಅದರ ಜೊತೆಗೆ ಬಾಳೆಗೆ ಬೀಜ ಕಟ್ಟದೆಯೇ ಹಣ್ಣು ಬೆಳೆಸುವ ಗುಣ ಇದೆ. ಕನಕಾಂಬರಕ್ಕೆ ಆ ಗುಣ ಇಲ್ಲ. ನಮಗೆ ಹಣ್ಣು ಬೇಕಾಗಿಯೂ ಇಲ್ಲ, ಹೂ ಸಾಕು.

ನಿಮ್ಮ ಕೈಯಲ್ಲಿರುವುದು ಯಾವ ತಳಿ ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ನಾವು ಕೀಳುವುದು ದಳದ ಕೊಳವೆಯನ್ನು ಮಾತ್ರ, ಕಾಯಿಯಾಗುವ ಭಾಗ ತೆನೆಯಲ್ಲೇ ಉಳಿದಿರುತ್ತದೆ. ನಾಲ್ಕೈದು ತೆನೆಗಳಲ್ಲಿ ಹೂ ಕೀಳದೆ ಹಾಗೇ ಬಿಡಿ. ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಕಿತ್ತು ಒಂದು ಲೋಟ ನೀರಿಗೆ ಹಾಕಿ. ಬೀಜದ ತಳಿಯಾದರೆ ಸ್ವಲ್ಪ ಹೊತ್ತಿಗೇ ಚಟ್ ಚಟ್ ಎಂದು ಕಾಯಿ ಸಿಡಿಯುತ್ತವೆ, ಬೀಜ ಲೋಟದಿಂದ ಆಚೆಗೂ ಹಾರುತ್ತವೆ. ಒಂದು ಕಾಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ, ಚಪ್ಪಟೆ, ಮೈಮೇಲೆ ಝಾಲರಿಯಂಥ ಪೊರೆ. ಮಳೆ ಬಿದ್ದು ನೆಲ ಹಸಿಯಾದಾಗಲೇ ಬೀಜ ಹೊರಗೆ ಬರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು ಇದು. ಡೆಲ್ಲಿ ತಳಿಯ ತೆನೆ ನೀರಲ್ಲಿ ನೆನೆದು ಮೆತ್ತಗಾಗುತ್ತದೆ ಅಷ್ಟೇ, ಸಿಡಿಯಲು ಒಳಗೆ ಏನೂ ಇರುವುದಿಲ್ಲ. ಮಕ್ಕಳು ಪಿಯುಸಿ ಸೈನ್ಸ್ ಓದುತ್ತಿದ್ದರೆ ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ಪರಾಗಕ್ಕೆ ಅಸಿಟೋಕಾರ್ಮಿನ್ ಅನ್ನುವ ಕೆಂಪು ಬಣ್ಣ ಹಾಕಿ ನೋಡಲು ಹೇಳಿ. ಜೀವ ಇರುವ ಪರಾಗ ಗುಂಡಗೆ ಕೆಂಪಾಗಿ ಕಾಣುತ್ತದೆ. ಕೆಟ್ಟದ್ದು ಮುದುಡಿ, ಬಣ್ಣ ಹಿಡಿಯದೆ ಖಾಲಿಯಾಗಿ ಕಾಣುತ್ತದೆ.

ಇದರಿಂದ ಇನ್ನೊಂದು ಮಾತು ಸ್ಪಷ್ಟವಾಗುತ್ತದೆ. ಆನ್‌ಲೈನಿನಲ್ಲಿ "ಡೆಲ್ಲಿ ಕನಕಾಂಬರ ಬೀಜ" ಅಂತ ಪ್ಯಾಕೆಟ್ ಮಾರುವವರಿದ್ದಾರೆ. ಬೀಜವೇ ಕಟ್ಟದ ಗಿಡದ ಬೀಜ ಎಲ್ಲಿಂದ ಬರುತ್ತದೆ? ಅದರಲ್ಲಿ ಬೇರೆ ಯಾವುದೋ ಕನಕಾಂಬರ ಇರುತ್ತದೆ. ಕೊಳ್ಳಬೇಡಿ.

ಮೂರು ಸೆಟ್ ಎಲ್ಲಿಂದ ಬಂತು ಅನ್ನುವುದು ನನಗೆ ಬಹಳ ಇಷ್ಟದ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಓದಿ. ಗಿಡಗಳಲ್ಲಿ ಆಗೊಮ್ಮೆ ಈಗೊಮ್ಮೆ ಕ್ರೋಮೋಸೋಮು ಅರ್ಧವಾಗದೆ ಎರಡೂ ಸೆಟ್ ಹೊತ್ತ ಅಂಡವೋ ಪರಾಗವೋ ತಯಾರಾಗಿಬಿಡುತ್ತದೆ. ಬಿಸಿಲಿನ ಝಳ, ಚಳಿ ಜಾಸ್ತಿಯಾದಾಗ ಇದು ಇನ್ನೂ ಹೆಚ್ಚು. ಅಂಥ ಎರಡು ಸೆಟ್‌ನ ಅಂಡಕ್ಕೆ ಮಾಮೂಲಿ ಒಂದು ಸೆಟ್‌ನ ಪರಾಗ ಸೇರಿದರೆ ಮೂರು. ನಾಲ್ಕು ಸೆಟ್‌ನ ಗಿಡ ಎರಡು ಸೆಟ್‌ನ ಗಿಡದ ಜೊತೆ ಕೂಡಿದರೂ ಮೂರು. ಜಪಾನಿನ ಕಿಹಾರಾ ಅನ್ನುವ ವಿಜ್ಞಾನಿ ಇದೇ ದಾರಿಯಲ್ಲಿ ಬೀಜವಿಲ್ಲದ ಕಲ್ಲಂಗಡಿ ಮಾಡಿ ತೋರಿಸಿದರು.

ಮೂರು ಸೆಟ್ ಅಂದರೆ ವಂಶ ಅಲ್ಲಿಗೇ ಮುಗಿಯಿತು ಅಂತಲೂ ಅಲ್ಲ. ಮೂರು ಇಮ್ಮಡಿಯಾದರೆ ಆರು. ಆರು ಸರಿಸಂಖ್ಯೆ, ಮತ್ತೆ ಜೋಡಿ ಕೂಡುತ್ತದೆ, ಬೀಜ ಕಟ್ಟುತ್ತದೆ. 2007ರಲ್ಲಿ ದ್ರಾಕ್ಷಿಯ ಜೀನೋಮ್ (ಅದರ ಕ್ರೋಮೋಸೋಮುಗಳಲ್ಲಿರುವ ಎಲ್ಲ ಜೀನ್‌ಗಳ ಬರಹ) ಪೂರ್ತಿ ಓದಿದಾಗ ಅದರೊಳಗೆ ಒಂದೇ ಜೀನ್‌ಗಳ ಸಾಲು ಮೂರು ಮೂರು ಕಡೆ ಕಂಡಿತು. ಯಾವುದೋ ಹಳೆಯ ಪೂರ್ವಜ ಗಿಡದಲ್ಲಿ ಇಡೀ ಸೆಟ್ ಮೂರು ಪಟ್ಟಾದ ಗುರುತು ಅದು. ಸುಮಾರು 12 ಕೋಟಿ ವರ್ಷದ ಹಿಂದಿನ ಮಾತು, ಡೈನೋಸಾರ್ ಓಡಾಡುತ್ತಿದ್ದ ಕಾಲ. ಆ ಪೂರ್ವಜನಿಂದಲೇ ದ್ರಾಕ್ಷಿ, ಟೊಮ್ಯಾಟೊ, ಶೇಂಗಾ, ಹತ್ತಿ, ಸೇವಂತಿಗೆ, ಮಲ್ಲಿಗೆ, ಕನಕಾಂಬರ ಎಲ್ಲವೂ ಬಂದವು. ಹೆಚ್ಚುವರಿಯಾಗಿ ಸಿಕ್ಕಿದ ಜೀನ್ ಪ್ರತಿಗಳಲ್ಲಿ ಒಂದು ಹಳೆ ಕೆಲಸ ಮಾಡಿಕೊಂಡಿದ್ದರೆ, ಇನ್ನೊಂದು ಬದಲಾಗಿ ಹೊಸ ಕೆಲಸ ಹಿಡಿಯಬಹುದು. ಹೂವಿನ ಆಕಾರ, ಬಣ್ಣ, ಅರಳುವ ಸಮಯ ಇಷ್ಟೊಂದು ಬಗೆಯಾಗಲು ಇದು ದೊಡ್ಡ ಕಾರಣ.

ನಮ್ಮ ಸುತ್ತಲಿನ ಬೆಳೆಗಳಲ್ಲೇ ನೋಡಿ. ದಾವಣಗೆರೆ ಹತ್ತಿ ಮಿಲ್ಲುಗಳಿಂದ ಹೆಸರು ಮಾಡಿದ ಊರು. ಹಳೆಯ ಜಯಧರ್‌ನಂಥ ದೇಶಿ ಹತ್ತಿಯಲ್ಲಿ 26 ಕ್ರೋಮೋಸೋಮು. ಈಗ ಎಲ್ಲರೂ ಹಾಕುವ ಅಮೆರಿಕನ್ ಹತ್ತಿಯಲ್ಲಿ 52. ಹತ್ತು-ಇಪ್ಪತ್ತು ಲಕ್ಷ ವರ್ಷದ ಹಿಂದೆ ನಮ್ಮ ದೇಶಿ ಹತ್ತಿಯ ಬಳಗದ ಗಿಡವೂ ಅಮೆರಿಕದ ಕಾಡುಹತ್ತಿಯೂ ಕೂಡಿ, ಸೆಟ್ ಇಮ್ಮಡಿಯಾಗಿ ಹುಟ್ಟಿದ್ದು ಅದು. ಚಪಾತಿ ಮಾಡುವ ಮಾಮೂಲಿ ಗೋಧಿಯಲ್ಲಿ ಆರು ಸೆಟ್, 42. ಸೇವಂತಿಗೆಯಲ್ಲೂ ಸಾಮಾನ್ಯವಾಗಿ ಆರು ಸೆಟ್, 54. ಚಳ್ಳಕೆರೆಯ ಶೇಂಗಾ ಕೂಡ ದಕ್ಷಿಣ ಅಮೆರಿಕದ ಎರಡು ಕಾಡು ಜಾತಿ ಕೂಡಿ ಆದ ನಾಲ್ಕು ಸೆಟ್‌ನ ಗಿಡ, 40 ಕ್ರೋಮೋಸೋಮು.

ಶೇಂಗಾದ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು, ನಿಮ್ಮ ಕನಕಾಂಬರಕ್ಕೆ ಅದು ಸೇರುತ್ತದೆ. ಎರಡು ಜಾತಿ ಕೂಡಿ ಇಮ್ಮಡಿಯಾದದ್ದು ಬಹಳ ಅಪರೂಪದ ಘಟನೆ. ಆಮೇಲೆ ಎರಡೇ ಸೆಟ್ ಇರುವ ಕಾಡು ನೆಂಟರ ಜೊತೆ ಶೇಂಗಾ ಸುಲಭವಾಗಿ ಕೂಡದಾಯಿತು. ಹಾಗಾಗಿ ಲೋಕದ ಶೇಂಗಾ ಎಲ್ಲ ಕಿರಿದಾದ ಒಂದೇ ಬುಡದಿಂದ ಬಂದದ್ದು. ಎಲೆಚುಕ್ಕೆ, ತುಕ್ಕು ತಡೆಯುವ ಗುಣ ಕಾಡಿನಲ್ಲಿ ಉಳಿದುಬಿಟ್ಟಿತು. ತಳಿ ತಜ್ಞರು ಅದನ್ನು ಬಹಳ ಕಷ್ಟಪಟ್ಟು ತರಬೇಕಾಗಿದೆ.

ಡೆಲ್ಲಿ ಕನಕಾಂಬರದ ಸ್ಥಿತಿ ಇದಕ್ಕಿಂತ ಕಿರಿದು. ಕಡ್ಡಿಯಿಂದಲೇ ಬೆಳೆಸುವ ಗಿಡ ಆದ್ದರಿಂದ ನಿಮ್ಮ ಅರ್ಧ ಎಕರೆಯಲ್ಲಿರುವುದು ಜೀನ್ ಲೆಕ್ಕದಲ್ಲಿ ಒಂದೇ ಗಿಡ. ನಿಮ್ಮ ಊರಿನದೂ, ಹಿರಿಯೂರಿನದೂ ಅದೇ. ಇದು ಒಳ್ಳೆಯದೂ ಹೌದು. ಎಲ್ಲ ಗಿಡದಲ್ಲೂ ಒಂದೇ ಬಣ್ಣ, ಒಂದೇ ಗಾತ್ರ, ಹೂ ದೂರದ ಮಾರ್ಕೆಟ್‌ವರೆಗೂ ಬಾಡದೆ ತಡೆಯುತ್ತದೆ, ದಸರಾ ಹೊತ್ತಿಗೆ ಒಳ್ಳೆ ರೇಟು. ಆದರೆ ಒಂದು ಗಿಡಕ್ಕೆ ಬಂದ ರೋಗ ಎಲ್ಲಕ್ಕೂ ಬರಬಹುದು. ಗ್ರೋ ಮಿಶೆಲ್ ಅನ್ನುವ ಬಾಳೆ ಹೀಗೇ ಪನಾಮ ಸೊರಗು ರೋಗಕ್ಕೆ ಸಿಕ್ಕಿ 1950-60ರ ದಶಕದ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದಲೇ ಹೋಯಿತು.

ಹಾಗಾಗಿ ನಾನು ಬೀಜದ ಚಿಂತೆ ಬಿಟ್ಟು ಬೇರು ನೋಡಿ ಅನ್ನುತ್ತೇನೆ. ಸೊರಗಿದ ಗಿಡ, ಅದರ ಪಕ್ಕದ ಚೆನ್ನಾಗಿರುವ ಗಿಡ, ಎರಡನ್ನೂ ಮಣ್ಣಿನ ಸಮೇತ ಎತ್ತಿ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಬೇರಿನ ಮೇಲೆ ಕಪ್ಪು ಕಂದು ಗಾಯದ ಗೆರೆ ಇದ್ದು, ಸಣ್ಣ ಬೇರುಗಳು ಉದುರಿಹೋಗಿದ್ದರೆ ಜಂತುಹುಳ, ಅಂದರೆ ನೆಮಟೋಡ್ ಇರುವ ಸಾಧ್ಯತೆ ಜಾಸ್ತಿ. ಕನಕಾಂಬರಕ್ಕೆ ಇದರ ಕಾಟ ಹೆಚ್ಚು. ಅದು ಮಾಡಿದ ಗಾಯದಲ್ಲಿ ಫ್ಯುಸೇರಿಯಂ ಶಿಲೀಂಧ್ರ ಹೊಕ್ಕರೆ ಗಿಡ ಉಳಿಯುವುದು ಕಷ್ಟ. ಅನುಮಾನ ಇದ್ದರೆ ಬೇರು, ಮಣ್ಣು ಎರಡನ್ನೂ ಒಯ್ದು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೋರಿಸಿ. ಗೊತ್ತಾಗುವವರೆಗೆ ಆ ಸಾಲಿನಿಂದ ಒಂದು ಕಡ್ಡಿಯನ್ನೂ ತೆಗೆಯಬೇಡಿ, ಯಾರಿಗೂ ಕೊಡಬೇಡಿ. ಬೇರು ಬಂದ ಸಸಿಯ ಮಣ್ಣಿನ ಜೊತೆಗೆ ಜಂತುಹುಳ ಊರೂರು ಸುತ್ತುತ್ತದೆ.

ಹೊಸದಾಗಿ ಕಡ್ಡಿ ಹಾಕುವುದು ಹೀಗೆ. ಆರೋಗ್ಯವಾಗಿರುವ ಗಿಡದಿಂದ, ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತು ಗಟ್ಟಿಯಾದದ್ದೂ ಅಲ್ಲದ ಕಡ್ಡಿ ಆರಿಸಿ. ಮೂರು-ನಾಲ್ಕು ಗೆಣ್ಣು ಸಾಕು. ತೆನೆ ಇದ್ದರೆ ಚಿವುಟಿ, ಕೆಳಗಿನ ಎಲೆ ತೆಗೆಯಿರಿ. ಬುಡವನ್ನು ಬೇರು ಬರಿಸುವ ಐಬಿಎ ಪುಡಿಗೆ ಅದ್ದಿ, ತೊಳೆದ ಮರಳು ಮತ್ತು ಕೊಕೊಪೀಟ್ ಬೆರೆಸಿದ ಟ್ರೇನಲ್ಲಿ ನೆಡಿ. ಹೊಲದ ಮಣ್ಣು ಮಾತ್ರ ಬೇಡ. ನೆರಳು ಪರದೆ ಕೆಳಗೆ ಇಡಿ. ನಮ್ಮ ಕಡೆ ಗಾಳಿ ಒಣ, ಆದ್ದರಿಂದ ಮೇಲೆ ಪ್ಲಾಸ್ಟಿಕ್ ಹೊದಿಸಿ ತೇವ ಹಿಡಿದಿಡಿ. ಮುಂಗಾರು ಶುರುವಾದ ಮೇಲೆ ಮಾಡಿದರೆ ಒಣಗಿಹೋಗುವುದು ಕಡಿಮೆ. ಬೇರು ಹಿಡಿದ ಮೇಲೆ ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 40 ಸೆಂ.ಮೀ. ಬಿಟ್ಟು ನೆಡಿ.

ರೋಗ ಬಂದ ಜಾಗಕ್ಕೆ ತಕ್ಷಣ ಮತ್ತೆ ಕನಕಾಂಬರ ಹಾಕಬೇಡಿ. ಒಂದು ಬೆಳೆ ಚೆಂಡು ಹೂ ಹಾಕಿ. ಅದರ ಬೇರಿನಲ್ಲಿರುವ ರಸ ಜಂತುಹುಳಕ್ಕೆ ವಿಷ, ಜೊತೆಗೆ ಹೂವಿಗೂ ದುಡ್ಡು ಬರುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮ ಬಿಸಿಲನ್ನೂ ಬಳಸಿಕೊಳ್ಳಿ. ಉತ್ತ ನೆಲಕ್ಕೆ ನೀರು ಹಾಯಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಇದಕ್ಕೆ ಅಷ್ಟು ಆಗಿಬರುವುದಿಲ್ಲ. ನೆಡುವಾಗ ಬೇವಿನ ಹಿಂಡಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕಲಸಿ ಬುಡಕ್ಕೆ ಕೊಡಿ.

ಇನ್ನು ಗೌರಿ ಹೂವಿನ ಗಡ್ಡೆ. ಅದರಲ್ಲಿ ಕೊಲ್ಚಿಸಿನ್ ಇರುವುದು ನಿಜ. ಕೊಲ್ಚಿಸಿನ್ ಕೊಟ್ಟು ಗಿಡದ ಕ್ರೋಮೋಸೋಮು ಇಮ್ಮಡಿ ಮಾಡಬಹುದು ಎಂದು 1937ರಿಂದ ಗೊತ್ತಿರುವುದೂ ನಿಜ. ಕೋಶ ಒಡೆಯುವಾಗ ಕ್ರೋಮೋಸೋಮುಗಳನ್ನು ಎರಡು ಕಡೆ ಎಳೆಯುವ ಎಳೆಗಳನ್ನು ಅದು ಕಟ್ಟಗೊಡುವುದಿಲ್ಲ. ಆದರೆ ಅದು ಗಿಡಕ್ಕೆ ಮಾಡುವುದನ್ನೇ ನಮ್ಮ ದೇಹದ ಕೋಶಗಳಿಗೂ ಮಾಡುತ್ತದೆ. ಹೊಟ್ಟೆಗೆ ಹೋದರೆ ಜೀವ ಹೋಗಬಹುದು. ಆ ಗಡ್ಡೆ ತಿಂದು ಸತ್ತವರಿದ್ದಾರೆ. ಅರೆದ ಕಲ್ಲು, ಕೈ, ಮಕ್ಕಳು, ದನ, ಎಲ್ಲಕ್ಕೂ ಅಪಾಯ. ಅದು ಅಳತೆ ತಿಳಿದವರು ಲ್ಯಾಬಿನಲ್ಲಿ ಮಾಡುವ ಕೆಲಸ. ಒಂದು ವೇಳೆ ಇಮ್ಮಡಿಯಾಗಿ ಆರು ಸೆಟ್‌ನ ಗಿಡ ಬಂದರೂ ಅದು ಡೆಲ್ಲಿ ಕನಕಾಂಬರವಾಗಿ ಉಳಿಯುವುದಿಲ್ಲ, ಬೇರೆಯೇ ಗಿಡ.

ಬೀಜದಿಂದಲೇ ಬೆಳೆಸುವ ಆಸೆ ಇದ್ದರೆ ಪಕ್ಕದ ಹೊಲದವರ ನಾಟಿ ತಳಿಯ ಬೀಜ ಕೇಳಿ ಪಡೆಯಿರಿ. ಕಾಯಿ ಸಿಡಿಯುವ ಮುಂಚೆ ತೆನೆ ಕಿತ್ತು, ಬಟ್ಟೆಯ ಚೀಲದಲ್ಲಿ ಕಟ್ಟಿ ಒಣಗಿಸಬೇಕು, ಇಲ್ಲದಿದ್ದರೆ ಬೀಜ ನೆಲದ ಪಾಲು. ಬದುವಿನ ಕಡೆ ಒಂದೆರಡು ಸಾಲು ಬೀಜದ ಗಿಡ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೀಜದಿಂದ ಬಂದ ಗಿಡಗಳಲ್ಲಿ ಒಂದಕ್ಕೊಂದು ಸಣ್ಣ ವ್ಯತ್ಯಾಸ ಇರುತ್ತದೆ. ಸೊರಗು ರೋಗ ಬಂದ ನೆಲದಲ್ಲಿ ಅವುಗಳಲ್ಲಿ ಯಾವುದಾದರೂ ತಡೆದು ನಿಂತರೆ ಅದಕ್ಕೆ ಗುರುತು ಹಾಕಿ, ಅದರ ಬೀಜ ಬೇರೆ ಇಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಅರ್ಕ ಅಂಬರ, ಅರ್ಕ ಕನಕ ಅಂತ ತಳಿಗಳನ್ನು ಬಿಟ್ಟಿದ್ದಾರೆ. ಡೆಲ್ಲಿ ಒಂದನ್ನೇ ನಂಬುವ ಬದಲು ಅವನ್ನೂ ಸ್ವಲ್ಪ ಜಾಗದಲ್ಲಿ ಹಾಕಿ ನೋಡಿ.

ಬೇರು ತೊಳೆದ ಮೇಲೆ ಬಿಳಿ ಬಟ್ಟೆಯ ಮೇಲಿಟ್ಟು, ಬಿಸಿಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ಇಲ್ಲೇ ಹಾಕಿ. ಹಿಂದೆ ಆ ಜಾಗದಲ್ಲಿ ಏನು ಬೆಳೆದಿದ್ದಿರಿ, ಸಸಿ ಎಲ್ಲಿಂದ ತಂದಿರಿ ಅನ್ನುವುದನ್ನೂ ಬರೆಯಿರಿ. ಟೊಮ್ಯಾಟೊ, ಬದನೆ ಹಾಕಿದ ಜಾಗವಾದರೆ ಅದನ್ನು ಮೊದಲು ಹೇಳಿ.