ಮೀನಿಗೆ ಬೇಕಾದದ್ದು ಏಪ್ರಿಲ್ ತಿಂಗಳ ನೀರು

ಬೆಳ್ತಂಗಡಿ ಕಡೆಯ ಅಡಿಕೆ ಕೃಷಿಕರೊಬ್ಬರು ಬರೆದಿದ್ದಾರೆ: ‘ನೇತ್ರಾವತಿಯ ಮೀನುಗಳಿಗೆ ನೀರು ಸಾಲುತ್ತಿಲ್ಲ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮಳೆಗಾಲದಲ್ಲಿ ಹೊಳೆ ನಮ್ಮ ತೋಟಕ್ಕೇ ನುಗ್ಗುತ್ತದೆ. ಅಷ್ಟು ನೀರು ಸುಮ್ನೆ ಸಮುದ್ರ ಸೇರುವಾಗ ಮೀನಿಗೆ ಕಡಿಮೆಯಾಗುವುದು ಹೇಗೆ? ಇದನ್ನು ಲೆಕ್ಕ ಹಾಕುವುದಾದರೂ ಹೇಗೆ?’

ಸಂಪಾದಕರ ಉತ್ತರ:

ನೀವು ಕೇಳಿದ್ದು ಒಳ್ಳೆಯದೇ ಆಯಿತು. ನಮ್ಮಲ್ಲಿ ನೀರಿನ ಮಾತೆಲ್ಲ ಟಿಎಂಸಿಯಲ್ಲೇ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನಡೆಯುತ್ತದೆ. ನೇತ್ರಾವತಿಯ ಮೇಲ್ಭಾಗದ ನೀರನ್ನು ಪೂರ್ವದ ಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯನ್ನೇ ನೋಡಿ. ಅಲ್ಲಿ ಎಷ್ಟು ನೀರು ಸಿಗುತ್ತದೆ? ಸರ್ಕಾರದ ಲೆಕ್ಕ 24.01 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕ 9.55. ಯಾವುದು ಸರಿ ಅಂತ ವರ್ಷಗಟ್ಟಲೆ ವಾದ ನಡೆಯಿತು. ಆದರೆ ಎರಡೂ ಇಡೀ ವರ್ಷದ ಒಟ್ಟು ಲೆಕ್ಕ. ಮೀನು ಒಟ್ಟು ಲೆಕ್ಕದಲ್ಲಿ ಬದುಕುವುದಿಲ್ಲ. ಇವತ್ತು ಈ ಗುಂಡಿಯಲ್ಲಿ ಎಷ್ಟು ನೀರಿದೆ ಅನ್ನುವುದಷ್ಟೇ ಅದಕ್ಕೆ ಮುಖ್ಯ.

ನೇತ್ರಾವತಿಗೆ ಸೇರುವ ಶಿಶಿಲದ ಕಪಿಲಾ ಹೊಳೆಯಲ್ಲಿ ಮಂಡಕ್ಕಿ ಹಾಕಿದರೆ ಮುತ್ತಿಕೊಳ್ಳುತ್ತವಲ್ಲ, ಆ ದೇವರ ಮೀನುಗಳು, ಮಹಶೀರ್. ಮಳೆಗೆ ಹೊಳೆ ಏರಿದಾಗ ಅವು ಮೇಲಕ್ಕೆ ಹೋಗಿ ಕಲ್ಲು ಹರಳಿನ ನಡುವೆ ಮೊಟ್ಟೆ ಇಡುತ್ತವೆ. ಆ ಸಂದಿಗೆ ಹೂಳು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ. ಬೇಸಿಗೆಯಲ್ಲಿ ಆಳದ ಗುಂಡಿಯೇ ಅವುಗಳ ಮನೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹರಿಯುವ ನೀರು ಕಡಿದರೆ ಅಲ್ಲೇ ಸಿಕ್ಕಿಬೀಳುತ್ತವೆ. ನೀರು ಬಿಸಿಯಾಗುತ್ತದೆ, ಆಮ್ಲಜನಕ ಇಳಿಯುತ್ತದೆ. ಯಾರಾದರೂ ತೋಟೆ (ಮೀನು ಕೊಲ್ಲುವ ಸಿಡಿಮದ್ದು) ಹಾಕಿದರೆ ಒಂದೇ ದಿನದಲ್ಲಿ ಎಲ್ಲ ಮುಗಿಯಿತು. ನಮ್ಮ ಜಿಲ್ಲೆಯಿಂದಲೇ ಲೋಕಕ್ಕೆ ಪರಿಚಯವಾದ ಇನ್ನೊಂದು ಮೀನು ಹಿಪ್ಸೆಲೊಬಾರ್ಬಸ್ ಥಾಮಸ್ಸಿ. ಇಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅದೀಗ ಕೆಂಪು ಪಟ್ಟಿಯಲ್ಲಿ, ಅಳಿವಿಗೆ ತೀರಾ ಹತ್ತಿರವಿರುವ ಮೀನುಗಳ ಸಾಲಿನಲ್ಲಿದೆ.

ಇನ್ನು ಅಳೆಯುವ ವಿಷಯ. ಕಳೆದ ಏಪ್ರಿಲ್‌ನಲ್ಲಿ ನಾನೇ ಒಂದು ಸಣ್ಣ ಹೊಳೆಗೆ ಇಳಿದಿದ್ದೆ. ಹೊಳೆ 6 ಮೀಟರ್ ಅಗಲ. ಕೋಲು ಊರಿ ಐದಾರು ಕಡೆ ನೋಡಿದರೆ ಆಳ ಸರಾಸರಿ 20 ಸೆಂಟಿಮೀಟರ್, ಮೊಣಕಾಲಿಗೂ ಬರುವುದಿಲ್ಲ. 10 ಮೀಟರ್ ಅಳೆದು, ಮೇಲಿನಿಂದ ಒಂದು ಲಿಂಬೆಹಣ್ಣು ಬಿಟ್ಟೆ. ಅದು ಕಲ್ಲಿಗೆ ತಾಗಿ, ತಿರುಗಿ, ಮತ್ತೆ ಹೊರಟು 50 ಸೆಕೆಂಡಿನಲ್ಲಿ ಕೆಳಗೆ ತಲುಪಿತು. ಮೇಲ್ಮೈ ನೀರು ಸ್ವಲ್ಪ ಜಾಸ್ತಿ ಓಡುತ್ತದೆ, ಅದಕ್ಕೆ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 200 ಲೀಟರ್. ಅಷ್ಟು ಹೊತ್ತೂ ದಡದಲ್ಲಿ ಪಂಪ್ ಸದ್ದು ಕೇಳುತ್ತಲೇ ಇತ್ತು. ಐದು ಎಚ್‌ಪಿ ಪಂಪ್ ಒಂದು ಸೆಕೆಂಡಿಗೆ ಹತ್ತು ಲೀಟರ್ ಎತ್ತಿದರೂ ಹತ್ತು ಪಂಪ್‌ಗೆ ಅರ್ಧ ಹೊಳೆ ಹೋಯಿತು.

ತೋಟದವರನ್ನು ದೂರುತ್ತಿಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ದಿನಕ್ಕೆ ಸುಮಾರು 16 ಕೋಟಿ ಲೀಟರ್ ಬರುತ್ತದೆ, ನಮ್ಮ ಮನೆಯ ನಲ್ಲಿಗೂ ಅದೇ ನೀರು. 2019ರ ಮೇ ತಿಂಗಳಲ್ಲಿ ಇಲ್ಲಿ ನೀರಿಗೆ ರೇಷನ್ ಬಂತು, ಉಡುಪಿಯ ಬಜೆ ಅಣೆಕಟ್ಟು ಬತ್ತಿತು. ಆ ವಾರಗಳಲ್ಲಿ ಹೊಳೆಯ ಮೀನಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಈಗಲೂ ಬೇಸರ ಇರುವುದು ಅದಕ್ಕೇ.

ಹಾಗಾದರೆ ಎಷ್ಟು ನೀರು ಬಿಡಬೇಕು? ಅಮೆರಿಕದ ಮೀನು ತಜ್ಞ ಟೆನ್ನಂಟ್ 1976ರಲ್ಲಿ ಒಂದು ಸುಲಭ ಸೂತ್ರ ಕೊಟ್ಟರು: ವರ್ಷದ ಸರಾಸರಿ ಹರಿವಿನ ಶೇ 10ರಷ್ಟು ಇದ್ದರೆ ಮೀನು ಹೇಗೋ ಜೀವ ಹಿಡಿದುಕೊಳ್ಳುತ್ತದೆ, ಶೇ 30 ಇದ್ದರೆ ಪರವಾಗಿಲ್ಲ. ನಮ್ಮ ಹೊಳೆಗೆ ಇದನ್ನು ಹಾಗೇ ತಂದು ಹಾಕಬಾರದು. ನಮ್ಮ ಸರಾಸರಿಯನ್ನು ಏರಿಸುವುದು ಆಟಿ ತಿಂಗಳ (ಜುಲೈ–ಆಗಸ್ಟ್) ನೆರೆ, ಅದರಿಂದ ಏಪ್ರಿಲ್‌ನ ಸ್ಥಿತಿ ತಿಳಿಯುವುದಿಲ್ಲ. ಗಂಗೆಯ ಮೇಲ್ಭಾಗಕ್ಕೆ 2018ರಲ್ಲಿ ಕೇಂದ್ರ ತಂದ ನಿಯಮ ಇದಕ್ಕಿಂತ ವಾಸಿ. ಆಯಾ ಅವಧಿಯ ಹರಿವಿನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಶೇ 20, ಅಕ್ಟೋಬರ್, ಏಪ್ರಿಲ್, ಮೇಯಲ್ಲಿ ಶೇ 25, ಮಳೆಗಾಲದಲ್ಲಿ ಶೇ 30, ಅಂದರೆ ಕಾಲಕ್ಕೆ ತಕ್ಕ ಲೆಕ್ಕ. ನಮಗೂ ಅಂಥದ್ದು ಬೇಕು, ಅದೂ ನಮ್ಮ ಗುಂಡಿಗಳನ್ನು ಅಳೆದು ಮಾಡಿದ್ದು. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಆದರೆ ಅಲ್ಲಿನ ಅಂಕಿ ನೋಡಿ ಶಿಶಿಲದ ಗುಂಡಿಯ ಸ್ಥಿತಿ ಹೇಳಲು ಬರುವುದಿಲ್ಲ, ಅಲ್ವಾ?

ಅದಕ್ಕೆ ನಿಮ್ಮಲ್ಲೊಂದು ಕೇಳಿಕೆ. ನಿಮ್ಮೂರಿನ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವಾಗ ಒಂದು ಕಿಂಡಿಯಲ್ಲಿ ಮೇಲಿನ ಹಲಗೆ ಬಿಟ್ಟು, ಕೆಳಗಿನ ಹೊಳೆಗೆ ನೀರು ಇಳಿಯಲಿ ಅಂತ ಊರವರಿಗೆ ಹೇಳಿ. ಏಪ್ರಿಲ್ ಮೊದಲ ವಾರ ಒಂದು ಲಿಂಬೆಹಣ್ಣು ಹಿಡಿದು ಹೊಳೆಗೆ ಇಳಿಯಿರಿ. ಅಗಲ, ಆಳ, ಸೆಕೆಂಡು, ಹತ್ತಿರದ ಗುಂಡಿಯ ಆಳ, ಆ ಹೊತ್ತಿಗೆ ಓಡುತ್ತಿದ್ದ ಪಂಪ್‌ಗಳ ಸಂಖ್ಯೆ, ಇಷ್ಟನ್ನು ಬರೆದು ಕಳಿಸಿ. ಮೇ ಸಂಚಿಕೆಯಲ್ಲಿ ಹಾಕುತ್ತೇವೆ.