ಮೊದಲು ಉಬ್ಬರ ಎಷ್ಟು ಹೊತ್ತಿಗೆ ಅಂತ ನೋಡಿ

ಪ್ರಶ್ನೆ: ನಾನೂ ನನ್ನ ತಂಗಿಯೂ ಐದು ಗಂಟೆಗೇ ಎದ್ದು ಕಡಲಂಚಿಗೆ ಹಕ್ಕಿ ನೋಡಲು ಹೋಗಿದ್ದೆವು. ದೂರದ ಕೆಸರಿನಲ್ಲಿ ಕಂದು ಚುಕ್ಕೆಗಳು ಓಡಾಡುತ್ತಿದ್ದವು, ಅಷ್ಟೇ. ಹನ್ನೊಂದಕ್ಕೆ ಬೇಜಾರಾಗಿ ವಾಪಸ್ ಬಂದೆವು. ಮುಂದಿನ ಸಲ ಇಡೀ ದಿನ ಇರಬೇಕು ಅಂದುಕೊಂಡಿದ್ದೇವೆ. ಹೇಗೆ ನೋಡಬೇಕು?

ಉತ್ತರ: ಆ ಕಂದು ಚುಕ್ಕೆಗಳನ್ನು ನೋಡುತ್ತಾ ನಾನೂ ಎರಡು ವರ್ಷ ಕಳೆದಿದ್ದೇನೆ. ನಿಮ್ಮ ಕಣ್ಣಿನದೇನೂ ತಪ್ಪಿಲ್ಲ. ಕಾಡಿನ ಹಕ್ಕಿಗೆ ಬೆಳಗಿನ ಜಾವ ಸರಿ. ಕಡಲಂಚಿನ ಹಕ್ಕಿ ಸೂರ್ಯನಿಗಿಂತ ಜಾಸ್ತಿ ನೀರಿನ ಮಾತು ಕೇಳುತ್ತದೆ. ನೀವು ಹೋದಾಗ ಇಳಿತ ಇತ್ತು, ಅಲ್ವಾ? ನೀರು ಹಿಂದೆ ಸರಿದರೆ ಹಕ್ಕಿಗಳೂ ಅದರ ಅಂಚು ಹಿಡಿದು ಹೋಗಿಬಿಡುತ್ತವೆ.

ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡ. ಹಾಗಾಗಿ ಹೋದ ವಾರದ ಹೊತ್ತು ಈ ವಾರಕ್ಕೆ ಆಗುವುದಿಲ್ಲ. ಉಬ್ಬರಕ್ಕೆ ಎರಡೂವರೆ ಗಂಟೆ ಮುಂಚೆ ಹೋಗಿ, ಬಿಸಿಲಿಗೆ ಬೆನ್ನು ಹಾಕಿ ಕೂತುಬಿಡಿ. ಹಕ್ಕಿಯ ಕಡೆ ನಡೆಯಬೇಡಿ. ಏರುವ ನೀರೇ ಅವನ್ನು ನಿಮ್ಮ ಹತ್ತಿರಕ್ಕೆ ತಳ್ಳಿಕೊಂಡು ಬರುತ್ತದೆ.

ಬಣ್ಣ ನೋಡಿ ಗುರುತಿಸಲು ಹೋಗಬೇಡಿ, ಚಳಿಗಾಲದಲ್ಲಿ ಹೆಚ್ಚಿನವು ಮಾಸಲು ಬಣ್ಣವೇ. ನಡಿಗೆ ನೋಡಿ. ಪ್ಲೋವರ್ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಒಮ್ಮೆ ಕುಕ್ಕುತ್ತದೆ. ಅದು ಕಣ್ಣಿನಿಂದ ಹುಡುಕುವ ಹಕ್ಕಿ. ಸಣ್ಣ ಉಲ್ಲಂಕಿಗಳು ತಲೆ ಎತ್ತದೆ ಹೊಲಿಗೆ ಮಷೀನಿನ ಸೂಜಿ ಹಾಗೆ ಚುಚ್ಚುತ್ತಾ ಹೋಗುತ್ತವೆ. ಅವುಗಳ ಕೊಕ್ಕಿನ ತುದಿಗೇ ಸ್ಪರ್ಶಜ್ಞಾನ ಜಾಸ್ತಿ. ಅಲೆಯ ಹಿಂದೆ ಓಡಿ, ಅಲೆ ಬಂದರೆ ಹಿಂದಕ್ಕೆ ಓಡುವ ಬಿಳಿಚು ಹಕ್ಕಿ ಸ್ಯಾಂಡರ್ಲಿಂಗ್. ಅದಕ್ಕೆ ಹಿಂಬೆರಳಿಲ್ಲ.

ನನಗೆ ಇಷ್ಟವಾದದ್ದು ಟರ್ನ್‌ಸ್ಟೋನ್ ಅನ್ನುವ ಹಕ್ಕಿ. ಒಂದು ಸಲ ಹತ್ತು ಹೆಜ್ಜೆ ದೂರದಲ್ಲಿ ಒಂದು ಬಂತು. ಒಣಗಿದ ಕಡಲಪಾಚಿಯ ಮುದ್ದೆಗೆ ಕೊಕ್ಕು ತುರುಕಿ, ಎದೆ ಕೊಟ್ಟು ತಳ್ಳಿತು. ಮಗುಚಲಿಲ್ಲ. ಸುತ್ತು ಹಾಕಿ ಆಚೆ ಬದಿಯಿಂದ ತಳ್ಳಿತು. ಮುದ್ದೆ ಹೊರಳಿದ್ದೇ ತಡ, ಅಡಿಯಲ್ಲಿದ್ದ ಪುಟ್ಟ ಪುಟ್ಟ ಹುಳಗಳು ಪಟಪಟ ನೆಗೆದವು. ಅದು ಗಡಿಬಿಡಿಯಿಲ್ಲದೆ ಒಂದೊಂದನ್ನೇ ಹೆಕ್ಕಿತು. ನಾನು ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

ಉಬ್ಬರ ತುಂಬಿದ ಮೇಲೆ ಹಕ್ಕಿಗಳು ಎತ್ತರದ ಮರಳಿನಲ್ಲಿ ಗುಂಪಾಗಿ ಒಂಟಿಕಾಲಲ್ಲಿ ಮಲಗುತ್ತವೆ. ಆಗ ಹತ್ತಿರ ಹೋಗಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಮ್ನೆ ಎಬ್ಬಿಸಿದ ಪ್ರತಿ ಸಲವೂ ಅವು ಕೂಡಿಟ್ಟ ಕೊಬ್ಬು ಕರಗುತ್ತದೆ. ವಲಸೆ ಹೋಗುವಾಗ ಆ ಕೊಬ್ಬೇ ಅವುಗಳ ದಾರಿಖರ್ಚು. 2022ರಲ್ಲಿ, ಎಲ್ಲಿದೆ ಅಂತ ತಿಳಿಸುವ ಟ್ಯಾಗ್ ಬೆನ್ನಿಗೆ ಹಾಕಿದ್ದ ಗಾಡ್‌ವಿಟ್ ಅನ್ನುವ ಕಡಲಂಚಿನ ಹಕ್ಕಿಯ ಒಂದು ಎಳೆಯ ಮರಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ ಹಾರಿತು. ದೂರ 13,560 ಕಿಲೋಮೀಟರ್.

ನಡುಮಧ್ಯಾಹ್ನ ಬಿಸಿಲ ಝಳಕ್ಕೆ ದೂರದ್ದೆಲ್ಲ ಕುಣಿಯುತ್ತದೆ. ನೆರಳಲ್ಲಿ ಮಲಗಿ. ಸಂಜೆ ಬೆಳಕು ಮತ್ತೆ ಹದಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಒಮ್ಮೆ ನಾನು ಮರಳದಿಬ್ಬದ ಮೇಲೆ ಕರ್ಲ್ಯೂ ಒಂದರ ಬಾಗಿದ ಕೊಕ್ಕು ನೋಡುತ್ತಾ ಮೈಮರೆತಿದ್ದೆ. ತಿರುಗಿದರೆ ಬಂದ ದಾರಿಯಲ್ಲಿ ನೀರು. ತೊಡೆಮಟ್ಟ ನೀರಿನಲ್ಲಿ, ಬೈನಾಕ್ಯುಲರ್ ತಲೆಮೇಲೆ ಹೊತ್ತು ಬಂದೆ. ನೀರು ಎದುರಿನಿಂದಲೇ ಬರಬೇಕೆಂದಿಲ್ಲ.

ಪ್ರಶ್ನೆ: ಬೈನಾಕ್ಯುಲರ್ ಯಾವುದು ಕೊಳ್ಳಲಿ?

ಉತ್ತರ: 8x42 ಸಾಕು, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. ಅದಕ್ಕಿಂತ ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಕಡಲಗಾಳಿಗೆ ಕೈಯಲ್ಲಿ ನಿಲ್ಲುವುದಿಲ್ಲ. ಗಾಜಿನ ಮೇಲೆ ಮರಳು ಬಿದ್ದರೆ ಮೊದಲು ಊದಿ, ಆಮೇಲೆ ಒರೆಸಿ. ನನ್ನ ಹಳೆಯದರ ಎಡಗಣ್ಣಿನ ಗಾಜಿನಲ್ಲಿ ಅಂಗಿಯ ತುದಿಯಿಂದ ಒರೆಸಿದ ಗೀರು ಇವತ್ತಿಗೂ ಇದೆ.